ಎಲ್ಲವೂ ಎಡಕ್ಕೇ ಹೋದ ದಿನ

ಗಂಡ ಸಿದ್ಧಲಿಂಗೇಶ್ ತೀರಿಕೊಂಡ ಹದಿನಾರನೆಯ ದಿನ ಉಮಾಮಹೇಶ್ವರಿ ಕೆಲಸಕ್ಕೆ ಹೋದಳು. ಚೆನ್ನೈನ ತಾಂಬರಂನಲ್ಲಿ ಟ್ರೈನ್ ಹತ್ತಿ, ಗಿಂಡಿಯಲ್ಲಿ ಇಳಿದು, ಬಸ್ಸು ಹಿಡಿದು ಅಡ್ಯಾರ್‌ನ ಸಂಶೋಧನಾಲಯಕ್ಕೆ. ಧಾರವಾಡದಿಂದ ಬಂದ ನೆಂಟರೆಲ್ಲ ಅತ್ತು ಹೋಗಿದ್ದರು. ಅವಳಿಗೆ ಮಾತ್ರ ಅಳು ಬಂದಿರಲಿಲ್ಲ.

ಅದು 2009. ಗಿರಿಧರ್ ಎಂಬ ಯುವ ವಿಜ್ಞಾನಿಯ ಲ್ಯಾಬಿನಲ್ಲಿ ಅವಳು ಸಹಾಯಕಿ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕ್ಲೋರೈಡ್ ಕಣಗಳನ್ನು ತಯಾರಿಸಿ ಕೊಡುತ್ತಿದ್ದಳು. ನೇರಳಾತೀತ ಬೆಳಕು ಬಿದ್ದರೆ ಅವು ನೀರಿನಲ್ಲಿ ತಾವೇ ಈಜಬೇಕು. ದೀಪ ಆರಿಸಿದರೆ ನಿಂತಲ್ಲೇ ನಡುಗುತ್ತಿರಬೇಕು. ಮುಂದೆ ಇಂಥವನ್ನೇ ಜೋಡಿಸಿ ಪುಟ್ಟ ಯಂತ್ರ ಕಟ್ಟಬೇಕೆಂಬುದು ಗಿರಿಧರನ ಆಸೆ.

ಅವತ್ತು ದೀಪ ಹಾಕಿದಾಗ ಸೂಕ್ಷ್ಮದರ್ಶಕದ ಪರದೆಯ ಮೇಲೆ ಕಣಗಳು ಹೊರಟೇಬಿಟ್ಟವು.

"ನಡೀತಿವೆ ಮೇಡಂ!" ಗಿರಿಧರ್ ಕುಣಿದಾಡಿದ.

"ಎಲ್ಲಾ ಎಡಕ್ಕ ಹೊಂಟಾವಲ್ರೀ ಸರ್. ತಾವ ನಡದ್ರ ಒಂದೊಂದು ಒಂದೊಂದು ದಿಕ್ಕಿಗೆ ಹೋಗಬೇಕಿತ್ತು."

ಅವನಿಗೆ ಕೇಳಿಸಲೇ ಇಲ್ಲ. ಡೈರೆಕ್ಟರಿಗೆ ಹೇಳಲು ಓಡಿದ. ಉಮಾ ಕಣಗಳಿದ್ದ ಅದೇ ಗಾಜಿನ ಬಿಲ್ಲೆಗೆ ತಾನಾಗಿ ಈಜಲಾರದ ಬರೀ ಗಾಜಿನ ಪುಡಿ ಹಾಕಿ, ನೇರಳಾತೀತ ದೀಪ ಆರಿಸಿ ನೋಡಿದಳು. ಅದೂ ಎಡಕ್ಕೇ ಹೋಯಿತು. ಬಿಲ್ಲೆಯ ಅಂಚಿನ ಅಂಟು ಬಿಟ್ಟು ನೀರು ಸೋರುತ್ತಿತ್ತು; ಆ ಹರಿವೇ ಎಲ್ಲವನ್ನೂ ಎಳೆದೊಯ್ಯುತ್ತಿತ್ತು.

ಮರಳಿ ಬಂದು ಅದನ್ನು ಕಂಡ ಗಿರಿಧರನ ಮುಖ ಸಣ್ಣದಾಯಿತು. "ಹೇಳಿ ಬಂದುಬಿಟ್ಟೆನಲ್ಲ! ಇದನ್ನ ಮೊದಲೇ ನೋಡೋಕೆ ನಿಮಗೇನಾಗಿತ್ತು?"

ಬೇರೆ ದಿನವಾಗಿದ್ದರೆ ಆ ಮಾತು ಚುಚ್ಚುತ್ತಿತ್ತು. ಅವತ್ತು ಎಲ್ಲೂ ತಾಗಲಿಲ್ಲ. ಅವಳು ಬಿಲ್ಲೆ ತೊಳೆದಿಟ್ಟಳು.

ಅಂಚು ಮುಚ್ಚಲು ನೇಲ್ ಪಾಲಿಶ್ ಒಳ್ಳೆಯದೆಂದು ಅವಳಿಗೆ ಗೊತ್ತಿತ್ತು. ಸಂಜೆ ತಾಂಬರಂ ಮಾರ್ಕೆಟ್ಟಿನಲ್ಲಿ ಕೆಂಪು ಬಣ್ಣದ ಎರಡು ಶೀಶೆ ಕೊಂಡಳು. ಪಕ್ಕದ ಮನೆಯ ಜಯಲಕ್ಷ್ಮೀ ಎದುರಾದವಳು ಶೀಶೆ ನೋಡಿದಳು, ಆಮೇಲೆ ಇವಳ ಮುಖ ನೋಡಿ, ಬದಿಗೆ ಸರಿದುಹೋದಳು. ಇದು ಲ್ಯಾಬಿಗೆ ಎಂದು ಕೂಗಿ ಹೇಳಬಹುದಿತ್ತು. ಹೇಳಬೇಕು ಅನ್ನಿಸಲೂ ಇಲ್ಲ.

ಗಿರಿಧರ್ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಅವಳು ದಿನಾ ಅಂಚಿಗೆ ಕೆಂಪು ಬಳಿದು, ಒಣಗಿಸಿ, ನೋಡುತ್ತಿದ್ದಳು. ಮೂರನೇ ತಿಂಗಳು ದೀಪ ಹಾಕಿದಾಗ ಗಾಜಿನ ಪುಡಿ ನಿಂತಲ್ಲೇ ಇತ್ತು. ಬೆಳ್ಳಿ ಕಣಗಳು ಮಾತ್ರ ತಮತಮಗೆ ತೋಚಿದ ಕಡೆ ಹೊರಟವು. ದೀಪ ಆರಿಸಿದೊಡನೆ ನಿಂತವು.

ಗಿರಿಧರ್ ಅವಳತ್ತ ತಿರುಗಿದ. "ಮೇಡಂ, ಅವತ್ತು ನಾನು ಹಾಗೆ ಅನ್ನಬಾರದಿತ್ತು."

"ಇರಲಿ ಬಿಡ್ರೀ ಸರ್," ಎಂದು ಅವಳು ಪುಸ್ತಕದಲ್ಲಿ ವೇಳೆ ಬರೆದಳು.

ಮನೆಯಲ್ಲಿ ಮಗಳು ಶಿಲ್ಪಶ್ರೀಗೆ ಹೇಳಿದಳು: "ಇವತ್ತು ನಡದ್ವು."

"ನಿಜಮಾವಾ ಅಮ್ಮಾ?" ಹುಡುಗಿ ತಮಿಳಿನಲ್ಲೇ ಕೂಗಿ ಬಂದು ತಬ್ಬಿಕೊಂಡಳು.

ಆ ತೋಳುಗಳೊಳಗೆ ಉಮಾಮಹೇಶ್ವರಿ ಅಳುವೂ ಬಾರದೆ, ನಗುವೂ ಬಾರದೆ ನಿಂತಿದ್ದಳು. ಒಲೆಯ ಮೇಲೆ ಕುಕ್ಕರ್ ಎರಡನೇ ಸಲ ಕೂಗಿತು. "ಬಿಡು, ಅನ್ನ ಸೀದೀತು," ಎಂದಳು.