ಕಳ್ಳ ಹೂಂ

ಮಕ್ತಲಿನ ಬಾಲಯ್ಯನ ಮುತ್ತಜ್ಜ ಮಾಳಿಂಗಪ್ಪ. ನಿಜಾಮನ ಕಾಲದಲ್ಲಿ ಅವನು ಕುರುಬರ ದೇವರು ಬೀರಪ್ಪನ ಕಥೆ ಹೇಳುತ್ತಿದ್ದಾಗ ಪೊಲೀಸ್ ಅಮೀನನೊಬ್ಬ ಕುದುರೆ ಏರಿ ಬಂದು, ‘ಬಂದ್ ಕರೋ’ ಎಂದನಂತೆ. ಮಾಳಿಂಗಪ್ಪ ಸಲಾಮು ಮಾಡಿ, “ಹುಜೂರ್, ಕೂಸು ಅಡವ್ಯಾಗ ಬಿದ್ದು ಅಳಾಕ ಹತ್ತೈತಿ. ಅದನ್ನ ಎತ್ತಿಕೊಳ್ಳೋರು ಬರೂತನ ತಡೀರಿ, ಆಮ್ಯಾಲ ನನಗ ಕೋಳ ಹಾಕ್ರಿ” ಎಂದ. ಅಮೀನ ಮೊದಲು ಕುದುರೆಯ ಮೇಲೆ ಕೂತು ಕೇಳಿದ, ಆಮೇಲೆ ಇಳಿದು ನಿಂತು ಕೇಳಿದ, ಕಡೆಗೆ ಜನರ ನಡುವೆ ಚಕ್ಕಳಮಕ್ಕಳ ಹಾಕಿ ಕೇಳಿದ. ಮಾಳಿಂಗಪ್ಪನ ಮಗ ಜೋಗಯ್ಯ. ಪ್ಲೇಗು ಬಂದು ಊರೆಲ್ಲ ಹೊಲದ ಗುಡಿಸಲು ಸೇರಿದಾಗ, ಬಯಲ ನಡುವೆ ಒಂದು ದೀಪ ಇಟ್ಟುಕೊಂಡು, ಒಬ್ಬರ ಬಳಿ ಒಬ್ಬರು ಸುಳಿಯದಂತೆ, ಎಲ್ಲ ಗುಡಿಸಲಿಗೂ ಕೇಳುವಂತೆ ಕಥೆ ಹೇಳಿದವನು. ಗುಡಿಸಲು ಗುಡಿಸಲಿನಿಂದ ‘ಹೂಂ’ ಬರುತ್ತಿತ್ತಂತೆ. ಯಾವ ಗುಡಿಸಲಿನ ಹೂಂ ನಿಂತಿತೋ ಅಲ್ಲಿಗೆ ಬೆಳಿಗ್ಗೆ ನಾಲ್ಕು ಜನ ಹೋಗುತ್ತಿದ್ದರು. ಜೋಗಯ್ಯನ ಮಗ ನಾಗಯ್ಯ. ದೇವರ ಮದುವೆಯ ಪ್ರಸಂಗದಲ್ಲಿ ಚೇಳು ಕುಟುಕಿದರೂ ತಾಳಿ ಕಟ್ಟಿಸಿಯೇ ಕಾಲು ನೋಡಿಕೊಂಡವನು. ಆ ನಾಗಯ್ಯನ ಮಗ ಬಾಲಯ್ಯ.

ಇಂಥ ಬಾಲಯ್ಯನಿಗೆ ಕೊರೋನಾ ಕಾಲದಲ್ಲಿ ಸ್ವಂತ ಮನೆಯಲ್ಲಿ ಆದ ಹೇಸಿಗೆಯನ್ನು ಹೇಳಬೇಕಾದರೆ ಮೊದಲು ಹೂಂ ಎಂದರೇನು ಎಂಬುದನ್ನು ಹೇಳಬೇಕು. ಕುರುಬರ ಈ ಕಥೆಗೆ ಎರಡು ಬಾಯಿ. ಒಂದು ಬಾಯಿ ಹೇಳುತ್ತದೆ, ಇನ್ನೊಂದು ಬಾಯಿ ಹೂಂ ಎನ್ನುತ್ತದೆ. ಹೂಂ ಬಿದ್ದರೆ ಮಾತು ದೇವರಿಗೆ ಮುಟ್ಟಿತು, ಬೀಳದಿದ್ದರೆ ಗಾಳಿಗೆ ಹೋಯಿತು. ನೆಲಕ್ಕೆ ಹಿರಿಯರ ಕಂಬಳಿ ಹಾಸಿ, ಅರಿಸಿನದ ಭಂಡಾರ ಚೆಲ್ಲಿ, ದೀಪ ಹಚ್ಚಿ ಕಥೆಯಲ್ಲಿ ಕೂಸು ಹುಟ್ಟಿಸಿದ ಮೇಲೆ ಅದರ ಮದುವೆಯಾಗುವ ತನಕ ಕಂಬಳಿ ಮಡಿಸುವಂತಿಲ್ಲ. ಮಡಿಸಿದರೆ ದೇವರನ್ನು ಅಡವಿಯಲ್ಲೇ ಬಿಟ್ಟು ಬಂದಂತೆ. ಮದುವೆ ಮುಗಿದಾಗ ಎರಡು ಮೂಲೆ ಹೇಳಿದವನು ಹಿಡಿಯುತ್ತಾನೆ, ಎರಡು ಮೂಲೆ ಹೂಂ ಅಂದವನು. ಬಾಲಯ್ಯನಿಗೆ ಹೂಂ ಅನ್ನುತ್ತಿದ್ದವನು ಹೆಂಡತಿ ಕಿಷ್ಟಮ್ಮನ ತಮ್ಮ ರಾಮುಲು. ಹೊಳೆಯ ಆಚೆಯ ಧರೂರಿನವನು. ಲಾಕ್‌ಡೌನ್ ಬಂತು, ಬಸ್ಸು ನಿಂತವು, ರಾಮುಲು ಆ ಕಡೆ ಉಳಿದ, ಬಾಲಯ್ಯ ಈ ಕಡೆ.

ಈ ಕಡೆ ಉಳಿದವರಲ್ಲಿ ಇನ್ನೊಬ್ಬನಿದ್ದ. ಸೊಸೆ ಹರಿತಾಳ ಅಣ್ಣ ಅಂಜನಕುಮಾರ್. ಕೋಸಗಿಯಲ್ಲಿ ಬೀಜ ಗೊಬ್ಬರದ ಕಂಪನಿಯ ಏಜೆಂಟ. ತಂಗಿಯ ಕೈಯೂಟ ಉಂಡು ಎರಡು ದಿನ ಇದ್ದು ಹೋಗುತ್ತೇನೆಂದು ಬಂದವನು ಸೋಫಾಕ್ಕೆ ಅಂಟಿಕೊಂಡ. ಬಸ್ ಸ್ಟ್ಯಾಂಡಿನ ಹತ್ತಿರ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದ ಮಗ ಬಾಲರಾಜ್ ಕೂಡ ಷಟರ್ ಎಳೆದು ಬಂದು ಅವನ ಪಕ್ಕದಲ್ಲೇ ಬಿದ್ದ. ಇಬ್ಬರೂ ಎದ್ದರೆ ತಿನ್ನುವುದು, ತಿಂದರೆ ಮಲಗುವುದು. ಅವರ ಲುಂಗಿಯ ಮೇಲೆ ಮಿಕ್ಚರ್ ಪುಡಿ, ಸೋಫಾದ ಸಂದಿಯಲ್ಲಿ ಶೇಂಗಾ ಸಿಪ್ಪೆ. ಬಾಲಯ್ಯ ಹಾದುಹೋಗುವಾಗ ಮುಖ ಕಿವಿಚುತ್ತಿದ್ದ. ಕುರಿದೊಡ್ಡಿಯಲ್ಲೂ ದಿನಕ್ಕೊಮ್ಮೆ ಕಸ ಬಳಿಯುತ್ತಾರೆ.

ಅಂಜನಕುಮಾರ್ ಫೋನಿನಲ್ಲಿ ಎಲ್ಲೋ ಓದಿದ್ದ, ಮನೆಯಲ್ಲಿ ಕೂತವರು ಖುಷಿಯಾಗಿರಬೇಕು, ಇಲ್ಲದಿದ್ದರೆ ತಲೆ ಕೆಡುತ್ತದೆ ಅಂತ. ಅದಕ್ಕೊಂದು ಏರ್ಪಾಡು ಮಾಡಿದ. ಒಂದು ದಿನ ಕೇರಂ, ಒಂದು ದಿನ ಹಾಡು, ಒಂದು ದಿನ ಹೊಸ ತಿಂಡಿ. ಖುಷಿ ಇವರಿಗೆ, ರಟ್ಟೆನೋವು ಹರಿತಾಳಿಗೆ. ಕಾಫಿಪುಡಿಗೆ ಸಕ್ಕರೆ ಹಾಕಿ ಅವಳು ತೋಳು ಬೀಳುವ ತನಕ ಕಡೆದು ನೊರೆ ಎಬ್ಬಿಸಿದಳು. ಆ ನೊರೆಯನ್ನು ತಣ್ಣಗಿನ ಹಾಲಿನ ಮೇಲೆ ಕೂರಿಸಿ, ಎಲ್ಲರೂ ಫೋಟೋ ಹೊಡೆದುಕೊಂಡು, ಒಂದು ಲೋಟ ಬಾಲಯ್ಯನ ಮುಂದೆ ಹಿಡಿದರು.

“ಕುಡೀರಿ ಮಾವಾ, ಇಡೀ ದೇಶ ಇದನ್ನ ಕುಡ್ಯಾಕ ಹತ್ತೈತಿ” ಎಂದ ಅಂಜನಕುಮಾರ್.

ಬಾಲಯ್ಯ ಲೋಟದೊಳಗೆ ಬಗ್ಗಿ ನೋಡಿದ. “ರೋಗ ಬಂದ ಕುರಿ ಮೂಗಿನಾಗ ಹಿಂಗ ಬರ್ತೈತಿ. ಅದಕ್ಕ ನಾವು ಬೂದಿ ಹಾಕಿ ಮುಚ್ತೀವಪ್ಪ, ಕುಡ್ಯಂಗಿಲ್ಲ.”

ಈ ಖುಷಿಯ ಸಾಲಿನಲ್ಲೇ ಒಂದು ದಿನ ಅಂಜನಕುಮಾರನಿಗೆ ಬಾಲಯ್ಯನ ಕಥೆ ನೆನಪಾಯಿತು. “ಮಾವಾ, ನಾಳೆ ನಿಮ್ದು ಒಂದು ಕಥಿ ಆಗ್ಲಿ” ಎಂದುಬಿಟ್ಟ. ಅವನು ಕೇಳಿದ್ದು ಕೇರಮ್ಮಿಗೂ ನಿದ್ದೆಗೂ ನಡುವೆ ಅರ್ಧ ತಾಸಿನ ಆಟ. ಬಾಲಯ್ಯನಿಗೆ ಕೇಳಿಸಿದ್ದು ಕರೆ. ಎಷ್ಟೋ ವರ್ಷವಾಗಿತ್ತು ಕೊತ್ತಪಲ್ಲಿ, ನಾರಾಯಣಪೇಟೆಯ ಕಡೆಯಿಂದ ಅವನಿಗೆ ಕರೆ ಬಂದು. ಈಗ ಹರಕೆ ಹೊತ್ತವರು ಸಹ ಡಿಜೆ ತರಿಸುತ್ತಾರೆ. ಮರುದಿನ ಬಾಲಯ್ಯ ತಲೆಗೆ ನೀರು ಹಾಕಿಕೊಂಡು, ಬಿಳಿ ಧೋತರ ಉಟ್ಟು, ಟ್ರಂಕಿನಿಂದ ಜೋಗಯ್ಯನ ಕಂಬಳಿ ತೆಗೆದು ಟಿವಿಯ ಮುಂದೆ ಪಡಸಾಲೆಯ ತುಂಬ ಹಾಸಿದ.

ಅದರ ಅರ್ಥ ಗೊತ್ತಿದ್ದದ್ದು ಕಿಷ್ಟಮ್ಮ ಒಬ್ಬಳಿಗೇ. “ಏನ್ರೀ, ಅದನ್ಯಾಕ ತಗದ್ರಿ? ಹುಡುಗ್ರು ಆಟಕ್ಕ ಕೇಳ್ಯಾವು.”

“ಬೀರಪ್ಪನ ಕಥಿ ಯಾರೂ ಆಟಕ್ಕ ಕೇಳಂಗಿಲ್ಲ” ಎಂದು ಬಾಲಯ್ಯ ದೀಪ ಹಚ್ಚಿದ.

ಕೂಸು ಹುಟ್ಟಿತು. ಸೋದರಮಾವ ಅದನ್ನು ಅಡವಿಗೆ ಬಿಡಿಸಿದ. ಮೊದಲ ದಿನ ಹೂಂ ಜೋರಾಗಿಯೇ ಬಿತ್ತು. ಅರ್ಧ ತಾಸಾದ ಮೇಲೆ ಅಂಜನಕುಮಾರ್ ಚಪ್ಪಾಳೆ ತಟ್ಟಿ, “ಸೂಪರ್ ಮಾವಾ, ಚಾಲಾ ಬಾಗುಂದಿ” ಎಂದು ಕಂಬಳಿಯ ಅಂಚು ಎತ್ತಹೋದ. ಬಾಲಯ್ಯ ಅವನ ಮುಂಗೈ ಹಿಡಿದ. ಮದುವೆಯ ತನಕ ಅದು ಏಳುವುದಿಲ್ಲ ಎಂಬ ಸುದ್ದಿ ಆಗ ತಿಳಿಯಿತು ಅವರಿಗೆ.

ಅಲ್ಲಿಂದ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಉಜ್ಜಿಕೊಂಡು ಓಡಾಡುವ ಕಾಲ ಬಂತು. ಕೇರಂ ಬೋರ್ಡ್ ಮಂಚದ ಕೆಳಗೆ ಹೋಯಿತು. ದಿನಾ ಮಧ್ಯಾಹ್ನ ಬಾಲಯ್ಯ ಕಂಬಳಿಯ ಮೇಲೆ ಕೂತು ಹೇಳುವುದು, ಇವರು ಸೋಫಾದ ಮೇಲೆ ಕಾಲು ಮಡಚಿ ಕೂತು ಹೂಂ ಅನ್ನುವುದು. ಕಣ್ಣು ಫೋನಿನಲ್ಲಿ, ಬೆರಳು ಫೋನಿನಲ್ಲಿ, ಬಾಯಿ ಮಾತ್ರ ತೂಕಡಿಸುವ ಎತ್ತಿನ ಗಂಟೆಯ ಹಾಗೆ ಆಗಾಗ ಹೂಂ, ಹೂಂ. ಬಾಲಯ್ಯನಿಗೆ ಅನುಮಾನ ಹತ್ತಿತು. ಬೀರಪ್ಪ ಪ್ರಾಯಕ್ಕೆ ಬಂದು, ತನ್ನನ್ನು ಅಡವಿಗೆ ಬಿಡಿಸಿದ ಸೋದರಮಾವನ ಮಗಳನ್ನೇ ಕೇಳಲು ಹೊರಟ ದಿನ, ಧ್ವನಿ ಬದಲಿಸದೆ ಹೇಳಿದ:

“ಬೀರಪ್ಪ ಮಕ್ತಲ್ ಬಸ್ ಸ್ಟ್ಯಾಂಡಿಗೆ ಬಂದ.”

“ಹೂಂ.”

“ಕೋಸಗಿ ಬಸ್ ಹತ್ತಿದ.”

“ಹೂಂ.”

“ಕಂಡಕ್ಟರ್, ‘ಎಲ್ಲೈತಲೇ ನಿನ್ನ ಮಾಸ್ಕು’ ಅಂತ ಬೀರಪ್ಪನ ಕಪಾಳಕ್ಕ ಬಿಗಿದ.”

“ಹೂಂ” ಎಂದ ಬಾಲರಾಜ್. “ಹೂಂ, ಚಲೋ ಆತು” ಎಂದ ಅಂಜನಕುಮಾರ್. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಕಿಷ್ಟಮ್ಮನೂ ಹೂಂ ಎಂದಳು.

ಬಾಲಯ್ಯ ಎದ್ದು ನಿಂತ. “ಥೂ ನಿಮ್ಮ! ಹೊಲಸು ತುಳಿದ್ರ ಕಾಲು ತೊಳ್ಕೊಬಹುದು. ಈ ಕಿವಿ ಎಲ್ಲಿ ತೊಳ್ಕೊಳ್ಲಿ ನಾನು? ದೇವರ ಕಪಾಳಕ್ಕ ಹೊಡಿಸಿದ್ರ ಹೂಂ ಅಂತೀರಲ್ಲ!” ಹೆಂಡತಿಯ ಕಡೆ ತಿರುಗಿದ. “ಇವು ಬಿಡು, ಇವಕ್ಕ ಸೂತಕಾ ಇಲ್ಲ, ಮಡೀನೂ ಇಲ್ಲ. ನೀನೂ ಅಂದ್ಯಲ್ಲ?”

ಕಿಷ್ಟಮ್ಮ ಮೊರದಿಂದ ಕಣ್ಣೆತ್ತಲಿಲ್ಲ. “ಮದಿವಿ ಆದಾಗಿಂದ ನಿಮ್ಮ ಮಾತಿಗೆ ಹೂಂ ಅನ್ನಾಕ ಹತ್ತೀನಿ. ಎಂದರ ಕೇಳಿಸ್ಕೊಂಡೀನೇನ್ರಿ?”

ಬಾಲರಾಜ್ ಕಿಸಕ್ಕೆಂದ. ಬಾಲಯ್ಯ ಅಂದು ಊಟಕ್ಕೂ ಏಳಲಿಲ್ಲ.

ಕಥೆ ನಿಂತಿತು. ಬೀರಪ್ಪ ಮಾವನ ಊರಿನ ಅಗಸೆಬಾಗಿಲ ಮುಂದೆ ನಿಂತ, ಕಂಬಳಿ ಪಡಸಾಲೆಯಲ್ಲಿ ನಿಂತಿತು. ಮನೆಯವರಿಗೆ ಬೇಕಾದದ್ದು ಪಡಸಾಲೆ, ಬಾಲಯ್ಯನಿಗೆ ಬೇಕಾದದ್ದು ಒಂದು ನಿಜವಾದ ಹೂಂ. ಮೂರು ತಲೆಮಾರು ಅಮೀನನಿಗೆ, ಪ್ಲೇಗಿಗೆ, ಚೇಳಿಗೆ ಬಿಟ್ಟುಕೊಡದ ಕಥೆಯನ್ನು ತಾನು ಮಿಕ್ಚರ್ ತಿನ್ನುವವರಿಗೆ ಬಿಟ್ಟುಕೊಟ್ಟೆನಲ್ಲ ಎಂದು ಅವನು ತನಗೆ ತಾನೇ ಹೇಸಿಕೊಳ್ಳುತ್ತಿದ್ದ.

ಬಾಲರಾಜ್ ಉಪಾಯ ತಂದ. ಅಂಜನಕುಮಾರನ ಫೋನಿನಿಂದ ಧರೂರಿಗೆ ಹಚ್ಚಿ, ಸ್ಪೀಕರ್ ಹಾಕಿ, ದೀಪದ ಪಕ್ಕ ಇಟ್ಟ. “ಭಾವ, ಮಾಳಿಗಿ ಮ್ಯಾಲ ನಿಂತೀನಿ, ಕೆಳಗ ಸಿಗ್ನಲ್ ಸಿಗವಲ್ದು, ಶುರು ಮಾಡ್ರಿ” ಎಂದು ರಾಮುಲು ಒದರಿದ. ಆ ಧ್ವನಿ ಕೇಳಿ ಬಾಲಯ್ಯನ ಮುಖಕ್ಕೆ ಜೀವ ಬಂತು. ಆದರೆ ರಾಮುಲುವಿನ ಹೂಂ ಹೊಳೆಯ ಜುರಾಲಾ ಅಣೆಕಟ್ಟೆ ದಾಟಿ ಬರುವಷ್ಟರಲ್ಲಿ ತಡವಾಗುತ್ತಿತ್ತು. ಈ ಮಾತಿನ ಹೂಂ ಮುಂದಿನ ಮಾತಿನ ಮೇಲೆ ಬೀಳುತ್ತಿತ್ತು. “ಬೀರಪ್ಪ ಮಾವನ ಪಾದಕ್ಕ ಬಿದ್ದು ಮಗಳನ್ನ ಕೇಳಿದ” ಎಂದ ಬಾಲಯ್ಯ. ಹೂಂ ಇಲ್ಲ. ಕಾದು, “ಮಾವ ಹಲ್ಲು ಕಡಿದು, ‘ನಿನ್ನ ಕುಲ ನಾಶಾಗ್ಲಿ’ ಅಂತ ಶಾಪ ಕೊಟ್ಟ” ಎಂದ. ಆ ಶಾಪದ ನೆತ್ತಿಯ ಮೇಲೆ ಸರಿಯಾಗಿ, ಧರೂರಿನ ಮಾಳಿಗೆಯಿಂದ, ಎದೆ ತುಂಬಿದ “ಹೂಂ!” ಬಂದು ಬಿತ್ತು.

ಬಾಲಯ್ಯ ಭಂಡಾರ ಬೊಗಸೆ ತುಂಬ ಎತ್ತಿ ಫೋನಿನ ಮೇಲೆ ಎರಚಿ, “ಅಲ್ಲ! ಅಲ್ಲ! ಇಲ್ಲ!” ಎಂದು ಕೂಗಿದ.

“ಏನಾತು ಭಾವ? ಹೂಂ ಅಂದೆನಲ್ಲ?” ಎನ್ನುತ್ತಿತ್ತು ಅರಿಸಿನ ಮೆತ್ತಿದ ಫೋನು.

“ನನ್ನ ಫೋನ್ರೀ ಮಾವಾ!” ಎಂದು ಅಂಜನಕುಮಾರ್ ಓಡಿ ಬಂದು ಲುಂಗಿಯಿಂದ ಒರೆಸತೊಡಗಿದ. ದೇವರ ಕುಲಕ್ಕೆ ಶಾಪ ತಟ್ಟಿದ ಹೊತ್ತಿನಲ್ಲಿ ಇವನಿಗೆ ಗಾಜಿನ ಚಿಂತೆ. ಬಾಲಯ್ಯ ಅವನ ಮುಖವನ್ನು, ಕೊಳೆತ ಟೊಮೆಟೊ ನೋಡುವ ಹಾಗೆ ನೋಡಿದ.

ಮರುದಿನ ಅವನು ಕಂಬಳಿಯನ್ನು ನೆಲದಿಂದ ಎತ್ತಿ ಹಾಗೇ ಬೆನ್ನಿನ ಮೇಲೆ ಹರಡಿಕೊಂಡ. ಮಡಿಸಬಾರದು, ನಿಜ. ಕುರುಬ ಹೊದ್ದರೆ ಅದು ಮಡಿಸಿದಂತಲ್ಲ, ಕಂಬಳಿಗೆ ನೆಲಕ್ಕಿಂತ ಹೆಗಲು ದೊಡ್ಡದು. ದೀಪ ಕೈಯಲ್ಲಿ ಹಿಡಿದು ಹಿತ್ತಲಿನ ದೊಡ್ಡಿಗೆ ಹೋಗಿ ಕುರಿಗಳ ನಡುವೆ ಹಾಸಿದ. ಸೋಫಾದಿಂದ ‘ಹಾ’ ಎಂಬ ನಿಟ್ಟುಸಿರು, ಹಿಂದೆಯೇ ಕೇರಂ ಕಾಯಿಗಳ ಸದ್ದು ಬಂತು.

ಕುರಿಗಳು ಮೆಲುಕು ಹಾಕುತ್ತ ಅವನನ್ನೇ ನೋಡುತ್ತಿದ್ದವು. ಮಧ್ಯೆ ಒಂದು ಬ್ಯಾ ಎನ್ನುವುದು. ಅದರಲ್ಲಿ ಸುಳ್ಳಿರಲಿಲ್ಲ, ಅಷ್ಟು ಸಮಾಧಾನ. ಆದರೆ ಬ್ಯಾ ಹೂಂ ಆಗುವುದಿಲ್ಲ ಎಂದು ಬಾಲಯ್ಯನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಥೆ ಒಂದು ಹೆಜ್ಜೆ ಮುಂದಕ್ಕೆ ಹೋಗಲಿಲ್ಲ. ಸುಮ್ಮನೆ ದೀಪಕ್ಕೆ ಎಣ್ಣೆ ಹಾಕುತ್ತ ಕೂತ.

ಸಂಜೆ ಹರಿತಾ ಅಕ್ಕಿ ತೊಳೆದ ನೀರಿನ ಬಕೆಟ್ ಹಿಡಿದು ಕುರಿಗಳಿಗೆ ಇಡಲು ಬಂದಳು. ಬಾಲಯ್ಯ ಮುಖ ತಿರುಗಿಸಿದ. ಅವಳು ಬಕೆಟ್ ಇಟ್ಟು, ಹೋಗದೆ ನಿಂತಳು.

“ಮಾವಯ್ಯ, ಒಂದು ಕೇಳ್ಲಾ?”

“ಕಾಫಿ ಬ್ಯಾಡ.”

“ಕಾಫಿ ಅಲ್ರಿ. ಆ ಕೂಸು ಅಡವ್ಯಾಗ ಬಿದ್ದಿತ್ತಲ್ರಿ, ಅದಕ್ಕ ಹಾಲು ಯಾರು ಕೊಟ್ರು? ನೀವು ಹೇಳೂವಾಗ ನಮ್ಮಣ್ಣಗ ಚಟ್ನಿ ಬೇಕಂತ ಮಿಕ್ಸಿ ಹಾಕಿದ್ದೆ. ಅಷ್ಟು ಕೇಳ್ಸಲಿಲ್ಲ. ಅವತ್ತಿಂದ ಅದ ಚಿಂತಿ ಹತ್ತೈತಿ.”

ಬಾಲಯ್ಯ ಅವಳನ್ನು ನೋಡಿದ. ಅಡಿಗೆಮನೆಯ ಕಡೆ ಅವನು ಒಂದು ದಿನವೂ ಕಿವಿ ಕೊಟ್ಟಿರಲಿಲ್ಲ.

“ಉಳಿದಿದ್ದೆಲ್ಲ ಕೇಳೀಯಾ?”

“ಕೇಳೀನ್ರಿ. ಬೀರಪ್ಪನ್ನ ಬಸ್ ಹತ್ತಿಸಿದ್ರಲ್ಲ, ಒಳಗ ಬಾಯಿಗೆ ಸೆರಗು ಇಟ್ಗೊಂಡು ನಕ್ಕೆ. ನೀವು ಸಿಟ್ಟಾಗಿದ್ರಿ, ಹೊರಗ ಬರಲಿಲ್ಲ.”

ಹೇಳಿದ ಕಥೆಯಲ್ಲಿ ಹಿಂದಕ್ಕೆ ಹೋಗುವ ಪದ್ಧತಿ ಇಲ್ಲ. ಮಾಳಿಂಗಪ್ಪ ಅಮೀನನಿಗೂ ಹಿಂದಕ್ಕೆ ಹೋಗಿ ಹೇಳಲಿಲ್ಲ. ಬಾಲಯ್ಯ ಈಗ ಹಿಂದಕ್ಕೆ ಹೋದ. ಕೂಸು ಅತ್ತೂ ಅತ್ತೂ ಧ್ವನಿ ಹೋಗಿ ಬಾಯಿ ಮಾತ್ರ ತೆರೆಯುತ್ತಿದ್ದುದನ್ನು ಹೇಳಿದ. ಮರಿ ಸತ್ತ ಒಂದು ಕುರಿ, ಕೆಚ್ಚಲು ಬಿಗಿದು ಮುಂದೆ ನಡೆಯಲಾರದೆ, ಹಿಂಡು ಬಿಟ್ಟು ಬಂದು ಆ ಬಾಯಿಯ ಮೇಲೆ ನಿಂತುಕೊಂಡಿತು ಎಂದ.

“ಹೂಂ” ಎಂದಳು ಹರಿತಾ. ಅದು ಗಂಟಲಿನದಲ್ಲ. ಯಾರೋ ಅವಳ ಹೊಟ್ಟೆಯಿಂದ ಕಲ್ಲು ಎತ್ತಿದ ಹಾಗೆ ಬಂತು.

ಆಮೇಲೆ ದಿನವೂ ಅವಳು ಕೆಲಸದ ನಡುವೆ ಬರುತ್ತಿದ್ದಳು. ಮಾವ ಕೊಟ್ಟ ಶಾಪವನ್ನು ಬಾಲಯ್ಯ ಮತ್ತೊಮ್ಮೆ ಹೇಳಿದಾಗ ಬಾಯಿ ಬಿಗಿದು ಕೂತಳು, ಅವನು ಕಾದರೂ ಹೂಂ ಎನ್ನಲಿಲ್ಲ. ಒಳಗಿನಿಂದ “ಹರಿತಾ, ಚಾ!” ಎಂದು ಕೂಗು ಬಂದರೆ ಬಾಲಯ್ಯ ಕುರಿಗಳಿಗೆ ಕೇಳುವಂತೆ ಉಗುಳುತ್ತಿದ್ದ. ಬೀರಪ್ಪನ ಮದುವೆ ಹೇಳುವ ದಿನ ಅವಳು ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು, ಮೊಣಕೈ ತನಕ ಜೋಳದ ಹಿಟ್ಟು ಮೆತ್ತಿಕೊಂಡೇ ಓಡಿಬಂದಳು. ತಾಳಿ ಬಿತ್ತು, ಹೂಂ ಬಿತ್ತು. ಬಾಲಯ್ಯ ಭಂಡಾರ ಹಾರಿಸಿದ. ಅವಳು ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಹಿಟ್ಟು ಮಾಡಿಕೊಂಡು, ನಲ್ಲಿಯ ಕಡೆ ಹೋದಳು.

ಕಥೆ ಮುಗಿಯಿತೆಂಬ ವಾಸನೆ ಪಡಸಾಲೆಗೆ ಹೇಗೆ ಬಡಿಯಿತೋ, ಗಂಡಸರಿಬ್ಬರೂ ಫೋನು ಎತ್ತಿ ಹಿಡಿದು ಹಿತ್ತಲಿಗೆ ಬಂದರು. ಬಾಲಯ್ಯ ಕಂಬಳಿಯ ಎರಡು ಮೂಲೆ ಹಿಡಿದು ನಿಂತಿದ್ದ. ಆ ತುದಿಯ ಎರಡು ಮೂಲೆ ನೆಲದ ಮೇಲಿದ್ದವು.

“ತಡೀ ಅಪ್ಪಾ, ಒಬ್ನ ಹೆಂಗ ಮಡಿಸ್ತಿ? ಆ ಕಡೆ ನಾನು ಹಿಡಿತೀನಿ” ಎಂದು ಬಾಲರಾಜ್ ಬಗ್ಗಿದ.

“ಒಂದು ಮೂಲಿ ನನಗಿರ್ಲಿ ಮಾವಾ, ವಿಡಿಯೋ ಮಸ್ತ್ ಬರ್ತೈತಿ” ಎಂದ ಅಂಜನಕುಮಾರ್.

“ಕೈ ತಗೀರಿ” ಎಂದ ಬಾಲಯ್ಯ. “ಮಿಕ್ಚರ್ ತಿಂದ ಕೈ ಅದು. ನಿಮ್ಮ ಸಹಾಯ ನನಗ ಬ್ಯಾಡ. ಒಳಗ ಹೋಗ್ರಿ, ಪಡಸಾಲಿ ನಿಮ್ದ ಆತು, ಖುಷಿಯಾಗಿರ್ರಿ. ಹರಿತಾ ಕೈ ತೊಳಕೊಂಡು ಬರೂತನ ನಾ ಹಿಂಗ ನಿಂತಿರ್ತೀನಿ.”