ಡ್ರೈವರುಗಳ ಫೋನಿನಲ್ಲಿ ನಾನು ಬಚ್ಚಿಟ್ಟ ಪ್ರೋಗ್ರಾಮು

ಇಳಕಲ್ಲಿನ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇತ್ತು. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಹೊರಗಿನ ಪ್ರೋಗ್ರಾಮು ಹಾಕಬಹುದಾದ ಬಟನ್ ಫೋನುಗಳು ಆಗ ಬಂದಿದ್ದವು. ಪ್ರೋಗ್ರಾಮು ಬರೆಯುವುದನ್ನು ಪುಸ್ತಕ ತರಿಸಿಕೊಂಡು ನಾನೇ ಕಲಿತೆ. ಊರಿನಲ್ಲಿ ಇದು ಬರುವುದು ನನಗೊಬ್ಬನಿಗೇ ಎಂಬ ಸೊಕ್ಕೂ ಇತ್ತು.

ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯ ಸಾಹುಕಾರರು ಒಂದು ದಿನ ಅಂಗಡಿಗೆ ಬಂದು, "ನನ್ನ ಡ್ರೈವರ್‌ಗೋಳು ಲಾರಿ ಎಲ್ಲೆಲ್ಲಿ ನಿಂದರಸ್ತಾರ, ನನಗ ಗೊತ್ತಾಗಬೇಕು. ಅವರಿಗೆ ಗೊತ್ತಾಗಬಾರ್ದು" ಎಂದರು.

ಬರೆದುಕೊಟ್ಟೆ. ಫೋನು ಚಾಲೂ ಆದೊಡನೆ ತಾನೂ ಏಳುವ, ತೆರೆಯ ಮೇಲೆ ಎಲ್ಲೂ ಕಾಣದೆ ಹಿಂದೆ ಓಡುತ್ತಲೇ ಇರುವ ಪ್ರೋಗ್ರಾಮು. ಅರ್ಧ ಗಂಟೆಗೊಮ್ಮೆ ಅದು ಹತ್ತಿರದ ಟವರಿನ ನಂಬರನ್ನು ಸಾಹುಕಾರರಿಗೆ ಮೆಸೇಜ್ ಮಾಡುತ್ತಿತ್ತು. ಯಾವ ನಂಬರು ಯಾವ ಊರಿನದೆಂದು ತಿಳಿಯಲು ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಯವರೆಗೆ ಬಸ್ಸಿನಲ್ಲಿ ಬರೆದುಕೊಳ್ಳುತ್ತ ಹೋಗಿದ್ದೆ. ಪರೀಕ್ಷೆ ಮಾಡುವಾಗ ಪ್ರೋಗ್ರಾಮು ಎರಡು ಸಲ ಸತ್ತಿತ್ತು. ಮೆಮೊರಿ ಸಾಲದಾದಾಗ ಫೋನು ಮೊದಲು ಮುಗಿಸುತ್ತಿದ್ದುದು ಹಿಂದೆ ಓಡುವ ಕೆಲಸವನ್ನೇ. ಇದನ್ನು ನಾನು ಸಾಹುಕಾರರಿಗೆ ಹೇಳಲಿಲ್ಲ. "ಹಗಲೂ ರಾತ್ರಿ ಓಡತೈತ್ರಿ" ಎಂದೆ. ಸಾಹುಕಾರರು ಅದನ್ನು ಹೊಸ ಫೋನುಗಳಲ್ಲಿ ಹಾಕಿಸಿ, ಕಾಣಿಕೆಯೆಂದು ಡ್ರೈವರುಗಳಿಗೆ ಹಂಚಿದರು.

ತಿಂಗಳೊಳಗೆ ಸಾಹುಕಾರರಿಂದ ಕರೆ ಬಂತು. ಫ್ಯಾಕ್ಟರಿಯ ಆಫೀಸಿನಲ್ಲಿ ಬಾಗಲಕೋಟೆ ನವನಗರದ ಹಿರಿಯ ಡ್ರೈವರ್ ನಿಂತಿದ್ದ. ಅಣೆಕಟ್ಟಿನ ಹಿನ್ನೀರಿನ ಮುಳುಗಡೆಯಲ್ಲಿ ಮನೆ ಹೋದ ಮೇಲೆ ಅಲ್ಲಿಗೆ ಬಂದು ನೆಲೆಸಿದವನು. ನಾವೆಲ್ಲ ಅವನನ್ನು ಕಾಕಾ ಅನ್ನುತ್ತಿದ್ದೆವು. ಅವನ ಫೋನು ಸಾಹುಕಾರರ ಮೇಜಿನ ಮೇಲಿತ್ತು.

"ಅಮೀನಗಡದ ತನಕ ಮೆಸೇಜ್ ಬಂದಾವ. ಆಮ್ಯಾಲ ಸಂಜೀತನಕ ಒಂದೂ ಇಲ್ಲ. ಬಂದ್ ಮಾಡಿ ಯಾರಿಗೆ ಡೀಸೆಲ್ ಮಾರಿದಿ?"

"ಎಂಥಾ ಮೆಸೇಜ್ರಿ?" ಎಂದ ಕಾಕಾ. ಸಾಹುಕಾರರು ನನ್ನತ್ತ ಕೈ ಮಾಡಿ ಎಲ್ಲವನ್ನೂ ಹೇಳಿದರು. ಕಾಕಾ ನನ್ನನ್ನು ನೋಡಿದ. "ಕಾಣಿಕಿ ಅಂತ ಕೊಟ್ಟ ಫೋನಿನ್ಯಾಗ ಕಳ್ಳನ್ನ ಇಟ್ಟಿದ್ರೇನ್ರಿ? ನಾ ಬಂದ್ ಮಾಡಿಲ್ಲ. ದಾರ್‍ಯಾಗ ಒಂದ್ ಕಲ್ಲು..."

"ಹೊರಗ ನಡಿ! ನಾಳಿಂದ ಕೆಲಸಕ್ಕ ಬರಬ್ಯಾಡ."

ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನನ್ನ ಪ್ರೋಗ್ರಾಮಿನ ಹುಳುಕು ಹೊರಬೀಳುತ್ತಿತ್ತು. ಕಾಕಾ ಹೋದ.

ಏನು ಮಾಡಿದ್ದಾನೋ ನೋಡು ಎಂದು ಸಾಹುಕಾರರು ಫೋನನ್ನು ನನ್ನ ಕೈಗಿಟ್ಟರು. ಅಂಗಡಿಯಲ್ಲಿ ತೆರೆದರೆ, ಕೊನೆಯ ಮೆಸೇಜ್ ಹೋದ ಸ್ವಲ್ಪ ಹೊತ್ತಿಗೆ ತೆಗೆದ ಫೋಟೋಗಳು ಸಾಲಾಗಿ ಸಿಕ್ಕವು. ಎಲ್ಲವೂ ಲಾರಿಯಲ್ಲಿ ಬಿರುಕು ಬಿಟ್ಟ ಒಂದೇ ಕಲ್ಲಿನವು. ಕಾಕಾ ಸಾಹುಕಾರರಿಗೆ ತೋರಿಸಲೆಂದೇ ತೆಗೆದಿದ್ದ. ನಾನೂ ಕ್ಯಾಮೆರಾ ತೆರೆದು ನಾಲ್ಕಾರು ಫೋಟೋ ಹೊಡೆದೆ. ಮೆಮೊರಿ ಸಾಲದೆ ಪ್ರೋಗ್ರಾಮು ಸದ್ದಿಲ್ಲದೆ ನಿಂತುಹೋಯಿತು. ಫೋನನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡುವವರೆಗೂ ಅದು ಏಳಲಿಲ್ಲ.

ಮರುದಿನ ಹೋಗಿ ಎಲ್ಲವನ್ನೂ ತೋರಿಸಿದೆ. ಸಾಹುಕಾರರು ಫೋಟೋ ನೋಡಲೇ ಇಲ್ಲ. "ಸುಳ್ಳು ಹೇಳಿದವ ನೀ. ಆದ್ರ ಅವನ್ನ ಮತ್ತ ಒಳಗ ಕರದ್ರ ಉಳಿದವರು ನನ್ನ ತಲಿ ಮ್ಯಾಲ ಕುಂದರ್ತಾರ."

"ಹಂಗಾದ್ರ ಎಲ್ಲಾ ಫೋನಿನ್ಯಾಗಿಂದ ಪ್ರೋಗ್ರಾಮ್ ತಗೀತೇನ್ರಿ."

"ಫೋನು ನನ್ನವು. ಮುಟ್ಟಿದ್ರ ಕೈ ಮುರೀತೇನಿ."

ಅಲ್ಲಿಂದಲೇ ಫ್ಯಾಕ್ಟರಿಯ ಅಂಗಳಕ್ಕೆ ನಡೆದೆ. ಲಾರಿಗೆ ಕಲ್ಲು ಹೇರುತ್ತಿದ್ದ ಡ್ರೈವರುಗಳನ್ನು ಕರೆದು ಫೋನಿನಲ್ಲಿ ಏನಿದೆ, ಯಾರು ಹಾಕಿದ್ದು, ಕಾಕಾನ ಕೆಲಸ ಯಾಕೆ ಹೋಯಿತು ಎಂಬುದನ್ನೆಲ್ಲ ಹೇಳಿಬಿಟ್ಟೆ. ಒಬ್ಬ ನನ್ನ ಅಂಗಿಯ ಕಾಲರು ಹಿಡಿದ. ಬಿಡಿಸಲು ಯಾರೂ ಬರಲಿಲ್ಲ. ಕೊನೆಗೆ ಅವನೇ ನೂಕಿ ಬಿಟ್ಟ. ಆ ಸಂಜೆ ಅವರೆಲ್ಲ ಫೋನುಗಳನ್ನು ಆಫೀಸಿನ ಬಾಗಿಲಲ್ಲಿ ಎಸೆದು ಹೋದರೆಂದು ಆಮೇಲೆ ಕೇಳಿದೆ.

ಭಾನುವಾರ ನವನಗರಕ್ಕೆ ಹೋದೆ. ಕಾಕಾ ಹೊಸ್ತಿಲಲ್ಲೇ ಅಡ್ಡ ನಿಂತ.

"ಕಾಕಾ, ತಪ್ಪಾತು. ಅದು ತಾನಾಗೇ ಬಂದ್ ಆಗಿತ್ತು."

"ತಾನಾಗೇ ಬಂದ್ ಆಗತೈತಿ ಅಂತ ನಿನಗ ಮೊದಲ ಗೊತ್ತಿತ್ತೋ, ಇಲ್ಲೋ?"

"ಗೊತ್ತಿತ್ತು."

"ಮತ್ತ ಅವತ್ತ ನಾಲಿಗಿ ಎಲ್ಲಿಟ್ಟಿದ್ದಿ?"

ಒಳಗಿನಿಂದ ಅವನ ಹೆಂಡತಿ, "ನೀರ ಸುದ್ದಾ ಕೊಡಬ್ಯಾಡ್ರಿ ಅವಗ" ಎಂದಳು. ಅವನು ಬಾಗಿಲು ಹಾಕಿಕೊಂಡ.

ಕಾಕಾನಿಗೆ ಬಾಗಲಕೋಟೆಯಲ್ಲೇ ಬೇರೆ ಲಾರಿ ಸಿಕ್ಕಿತು. ಆಮೇಲೆ ಇಳಕಲ್ಲಿನ ಯಾವ ಡ್ರೈವರನೂ ನನ್ನ ಅಂಗಡಿಗೆ ಫೋನು ತರಲಿಲ್ಲ. ಕೆಟ್ಟದ್ದು ಬರೀ ಚಾರ್ಜರ್ ಆದರೂ ಅದನ್ನು ಹಿಡಿದು ಹುನಗುಂದಕ್ಕೆ ಹೋಗುತ್ತಿದ್ದರು.