ಒಲೆಯ ಮೇಲೆ ಒಣಗಿದ ಬೆಲ್ಟು

ನನ್ನ ಗಂಡ ಮರ ಹತ್ತುವವರು. ಕಾಫಿ ಗಿಡಕ್ಕೆ ಬೇಕಾದಷ್ಟು ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸಕ್ಕೆ ನಮ್ಮಲ್ಲಿ ಮರಗಸಿ ಅನ್ನುತ್ತಾರೆ. ಬೆಳಗೋಡಿನ ಸುತ್ತ ಯಾವ ಎಸ್ಟೇಟಿನಲ್ಲಿ ಮರಗಸಿ ಶುರುವಾದರೂ ಮೊದಲು ಇವರನ್ನೇ ಕೇಳಿಕೊಂಡು ಬರುತ್ತಾರೆ. ನಾನು ಮನೆಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುವವಳು. ಅವರು ಮೇಲೆ ಕೊಂಬೆಯ ಮೇಲಿರುವಾಗ ಕೆಳಗೆ ಹೆದರುತ್ತಾ ಕೂರುವುದು ನನ್ನ ಪಾಲಿನ ಕೆಲಸ. ಹೆದರಿಕೆಯಾದಾಗ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. "ಇವಳ ಕೋಪ ಮೂಗಿನ ತುದೀಲೇ ಐತೆ" ಎಂದು ನಮ್ಮತ್ತೆ ಬದುಕಿರುವಾಗ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಈ ಸಲ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು, ಮರಗಸಿಗೆ ಇನ್ನೊಂದು ವಾರ ಇದೆ ಅನ್ನುವಾಗ ಅವರ ಸೇಫ್ಟಿ ಬೆಲ್ಟನ್ನು ಕೈಗೆತ್ತಿಕೊಂಡೆ. ಸೊಂಟಕ್ಕೆ ಬಿಗಿದು, ಅದರ ಪಟ್ಟಿಯನ್ನು ಮರಕ್ಕೆ ಬಳಸಿ ಕೊಂಡಿ ಹಾಕಿದರೆ, ಹಿಂದಕ್ಕೆ ಒರಗಿ ಎರಡೂ ಕೈ ಬಿಟ್ಟು ಕತ್ತಿ ಬೀಸಬಹುದು. ಒರಗಿದ ಮೇಲೆ ಜೀವ ಇರುವುದು ಆ ಪಟ್ಟಿಯಲ್ಲಿ, ಅದರ ಹೊಲಿಗೆಯಲ್ಲಿ. ಹೊಲಿಗೆ ನೋಡುವುದು ನನ್ನ ಕಸುಬು. ಕೊಂಡಿಯ ಹತ್ತಿರ ಉಗುರಿನಲ್ಲಿ ಕೆರೆದೆ. ದಾರ ಪುಡಿಪುಡಿಯಾಗಿ ಉದುರಿತು.

"ರೀ, ಇದರ ಹೊಲಿಗೆ ಹೋಗೈತೆ."

"ಮನೇಲೇ ಮಿಷನ್ ಐತಲ್ಲ ಮಾರಾಯ್ತಿ, ಎರಡು ಹೊಲಿಗೆ ಓಡ್ಸು" ಎಂದರು, ಕತ್ತಿ ಮಸೆಯುತ್ತಾ, ತಲೆ ಕೂಡ ಎತ್ತದೆ.

ಮೈಯೆಲ್ಲ ಉರಿದುಹೋಯಿತು. "ಇದೇನ್ ರವಿಕೆ ಹುಕ್ಕಾ, ಕಿತ್ಕಂಡೋದ್ರೆ ಸೆರಗು ಹೊದ್ಕಳಕ್ಕೆ?"

"ಇಪ್ಪತ್ತು ವರ್ಷ ಬರೀ ಹಗ್ಗದಲ್ಲಿ ಹತ್ತಿದೀನಿ. ಏನಾಗೈತೆ ನಂಗೆ?"

"ಏನೂ ಆಗಿಲ್ಲ, ಅದ್ಕೇ ಈ ಮಾತು ಬರ್ತಾ ಐತೆ!"

ಅವರ ಜೊತೆ ಮಾತಾಡುವುದಕ್ಕಿಂತ ಮರದ ಜೊತೆ ಮಾತಾಡುವುದು ವಾಸಿ ಎಂದುಕೊಂಡು, ಮಾರನೇ ದಿನ ಹಳೆಯ ಬೆಲ್ಟನ್ನು ಚೀಲಕ್ಕೆ ತುರುಕಿಕೊಂಡು ಸಕಲೇಶಪುರದ ಬಸ್ಸು ಹತ್ತಿದೆ.

ಪೇಟೆಯ ಹಾರ್ಡ್‌ವೇರ್ ಅಂಗಡಿಯ ಸಾಬರು ವಯಸ್ಸಾದವರು, ನಿಧಾನದ ಮನುಷ್ಯ. ಮೊದಲು ಬರೀ ಸೊಂಟದ ಬೆಲ್ಟು ತೋರಿಸಿದರು. ಮಗುಚಿ ನೋಡಿದೆ. ಕೊಂಡಿಯ ಬುಡದಲ್ಲಿ ದಾರದ ತುದಿ ಹೊರಗೇ ನೇತಾಡುತ್ತಿತ್ತು. "ಇದಕ್ಕಿಂತ ನಾನೇ ಚೆನ್ನಾಗಿ ಹೊಲೀತೀನಿ ಸಾಬ್ರೇ. ಇಂಥದ್ದನ್ನ ಹೆಂಗೆ ಮಾರ್ತೀರಾ ನೀವು?" ಎಂದು ಅವರ ಮೇಲೂ ಹಾರಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. ಒಳಗಿನಿಂದ ಇನ್ನೊಂದು ತಂದರು. ಹೆಗಲಿಗೂ ತೊಡೆಗೂ ಪಟ್ಟಿ ಇದ್ದದ್ದು, ಒಂದೊಂದು ಜೋಡಣೆಯಲ್ಲೂ ಹಿಂದೆ ಮುಂದೆ ಒತ್ತೊತ್ತಾಗಿ ಹೊಲಿಗೆ ಬಿದ್ದದ್ದು. ಅದು ನನ್ನ ಕಣ್ಣಿಗೆ ಹಿಡಿಸಿತು.

"ಹಳೇದು ಎಲ್ಲಿ ತಾಯಿ, ತೋರ್ಸಿ" ಎಂದರು. ಕೊಟ್ಟೆ. ಪಟ್ಟಿಯನ್ನು ಮಡಚಿ ನೋಡಿ, ಮೂಗಿನ ಹತ್ತಿರ ಹಿಡಿದರು. "ಹೊಗೆ ವಾಸನೆ. ಎಲ್ಲಿಟ್ಟಿದ್ರಿ?"

"ಮಳೆಗಾಲದಲ್ಲಿ ಒಲೆ ಮೇಲೆ" ಎಂದೆ, ಹೆಮ್ಮೆಯಿಂದಲೇ. ನಮ್ಮ ಕಡೆ ಮಳೆ ಹಿಡಿದರೆ ಚಪ್ಪಲಿಗೂ ಬೂಷ್ಟು ಬರುತ್ತದೆ. ನಾರಿನ ಹಗ್ಗವನ್ನು ಒಲೆಯ ಮೇಲಿನ ಬಿದಿರು ಗಳಕ್ಕೆ ನೇತುಹಾಕದಿದ್ದರೆ ಅದು ಕೊಳೆತೇ ಹೋಗುತ್ತದೆ. ಅತ್ತೆ ಹೇಳಿಕೊಟ್ಟಿದ್ದರು. ಹಗ್ಗದ ಜಾಗಕ್ಕೆ ಬೆಲ್ಟು ಬಂದಾಗ ನಾನು ಅದನ್ನೂ ಅದೇ ಗಳಕ್ಕೆ ಹಾಕಿದೆ.

"ಅದು ನಾರು ತಾಯಿ. ಇದು ನೈಲಾನು. ಬಿಸಿ ತಾಗಿ ತಾಗಿ ಪಟ್ಟಿ ಒಳಗೇ ಸತ್ತೋಗೈತೆ. ಮನೆಗೋದ ತಕ್ಷಣ ತುಂಡು ಮಾಡಿ ಬಿಸಾಕಿ. ಯಾರ ಕೈಗೂ ಸಿಗಬಾರ್ದು."

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಮೂರು ಮಳೆಗಾಲ. ಮೂರು ಮಳೆಗಾಲ ನಾನೇ ಕೈಯಾರೆ ಅದನ್ನು ಬೆಂಕಿಯ ಮೇಲೆ ಹಿಡಿದಿದ್ದೆ, ಆಮೇಲೆ ಅದನ್ನೇ ಕಟ್ಟಿಕೊಂಡು ಹೋಗಿ ಎಂದು ಗಂಡನನ್ನು ಮರಕ್ಕೆ ಕಳಿಸಿದ್ದೆ. ನಾಚಿಕೆಯಾಯಿತು. ಮನೆ ಮುಟ್ಟುವ ಹೊತ್ತಿಗೆ ಆ ನಾಚಿಕೆಯೂ ಸಿಟ್ಟಾಗಿತ್ತು.

ಹೊಸದನ್ನು ತೊಡಿಸಿ ಪಟ್ಟಿಗಳನ್ನು ಸರಿಮಾಡುವಾಗ ಅವರು "ಮದುವೆ ಗಂಡಿಗೂ ಇಷ್ಟು ಶೃಂಗಾರ ಮಾಡಲ್ಲ ಕಣೇ" ಎಂದು ನಕ್ಕರು. ನಾನು ನಗಲಿಲ್ಲ. ಒಲೆಯ ವಿಷಯ ಹೇಳಲೂ ಇಲ್ಲ. ಹೇಳಿದರೆ ಸಾಯುವ ತನಕ ಆಡಿಕೊಳ್ಳುತ್ತಾರೆ. "ಹಳೇದು ಇನ್ನು ಬೇಡ" ಎಂದಷ್ಟೇ ಅಂದೆ. ರಾತ್ರಿ ಕತ್ತರಿ ಹಿಡಿದು ಕೂತೆ; ಆಯುಧಪೂಜೆಯಲ್ಲಿ ಕುಂಕುಮ ಇಟ್ಟ ವಸ್ತುವನ್ನು ಕತ್ತರಿಸಲು ಕೈ ಬರಲಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಕತ್ತರಿಸಿದರೆ ಯಾಕೆ ಅಂತ ಅವರು ಕೇಳುತ್ತಿದ್ದರು. ಮಿಷನ್ನಿನ ಹಿಂದಿನ ಗೋಣಿಚೀಲಕ್ಕೆ ಹಾಕಿಟ್ಟೆ.

ಮರಗಸಿ ಶುರುವಾದ ಮೂರನೇ ದಿನ ಬೆಳಿಗ್ಗೆ ಬಟ್ಟೆ ತುಂಡಿಗೆಂದು ಆ ಚೀಲಕ್ಕೆ ಕೈ ಹಾಕಿದರೆ ಬೆಲ್ಟಿಲ್ಲ. ಇವರ ಜೊತೆ ಮರ ಹತ್ತುವ ಹುಡುಗನೊಬ್ಬ ಇದ್ದಾನೆ, ಕಳೆದ ವರ್ಷ ಮದುವೆಯಾದವನು, ಬರೀ ಹಗ್ಗದಲ್ಲಿ ಹತ್ತುತ್ತಾನೆ. ಪಾಪ, ಅವನಿಗೊಂದು ಬೆಲ್ಟಿಲ್ಲ ಎಂದು ಇವರು ಎರಡು ದಿನದ ಹಿಂದೆ ಊಟಕ್ಕೆ ಕೂತಾಗ ಅಂದಿದ್ದರು. ಫೋನ್ ಮಾಡಿದೆ. ಇವರ ಫೋನು ನಮ್ಮ ಗೋಡೆಯ ಗೂಡಿನಲ್ಲೇ ಹೊಡೆದುಕೊಂಡಿತು.

ಎಸ್ಟೇಟಿಗೆ ಒಂದೂವರೆ ಮೈಲಿ. ಓಡಿದೆ, ಏದುಸಿರು ಬಿಟ್ಟೆ, ಮತ್ತೆ ಓಡಿದೆ, ದಾರಿಯುದ್ದಕ್ಕೂ ಗಂಡನಿಗೆ ಶಾಪ ಹಾಕಿದೆ. ಹೋಗಿ ನೋಡಿದರೆ ಹುಡುಗ ಸಿಲ್ವರ್ ಓಕ್ ಮರದ ಅರ್ಧಕ್ಕಿಂತ ಮೇಲಿದ್ದ. ಪಟ್ಟಿಯನ್ನು ಮರಕ್ಕೆ ಸುತ್ತಿ ಕೊಂಡಿ ಹಾಕುತ್ತಿದ್ದ. ಅವನ ಹೆಂಡತಿ ಕೆಳಗೆ ಕಡಿದ ಸೊಪ್ಪು ಎಳೆಯುತ್ತಿದ್ದಳು.

"ಲೋ, ಒರಗ್ಬೇಡ ಕಣೋ! ಮರ ತಬ್ಕೋ!"

"ಯಾಕಕ್ಕ?" ಎಂದು ನಕ್ಕ.

"ಒರಗ್ಬೇಡ ಅಂದ್ರೆ ಒರಗ್ಬೇಡ! ನಿನ್ನ ಕಾಲಿಗೆ ಬೀಳ್ತೀನಿ, ಹಂಗೇ ಇಳಿ!"

ನನ್ನ ಗಂಟಲು ಕೇಳಿ ಅವನ ನಗು ನಿಂತಿತು. ಮರ ತಬ್ಬಿಕೊಂಡು ಇಳಿದ. ಪಕ್ಕದ ಮರದಿಂದ ಇವರೂ ಇಳಿದು ಬಂದರು. "ತೋಟಕ್ಕೆ ಬಂದು ಮಾನ ಕಳೀತೀಯಾ? ಬಸ್‌ಸ್ಟ್ಯಾಂಡ್ ಹತ್ರ ಚಪ್ಪಲಿ ಹೊಲಿಯೋರ ಕೈಲಿ ಹೊಸ ಹೊಲಿಗೆ ಹಾಕ್ಸವ್ನೆ ಅವ್ನು. ಗಟ್ಟಿ ಐತೆ."

ಬೆಲ್ಟನ್ನು ಮರದ ಬುಡಕ್ಕೆ ಬಳಸಿ ಕೊಂಡಿ ಹಾಕಿದೆ. "ಎಳೀರಿ ಇಬ್ರೂ" ಎಂದೆ. ಇಬ್ಬರೂ ಮರಕ್ಕೆ ಕಾಲು ಕೊಟ್ಟು ಎಳೆದರು. ಪರ್ ಎಂದು ಹರಿದು ಇಬ್ಬರೂ ಅಂಗಾತ ಬಿದ್ದರು. ಹೊಸ ದಾರ ಹಾಕಿದಂತೆಯೇ ಇತ್ತು. ಅದರ ಪಕ್ಕದಲ್ಲೇ ಪಟ್ಟಿ ತುಂಡಾಗಿತ್ತು.

ಗಂಡನಿಗೆ ಬಾಯಿಗೆ ಬಂದಂತೆ ಬೈದೆ. ತಲೇಲಿ ಏನೈತೆ ನಿಮಗೆ, ಕೊಳೆತದ್ದನ್ನ ಇನ್ನೊಬ್ರ ಮನೆ ಮಗನಿಗೆ ಕೊಡ್ತೀರಾ ಎಂದೆ. ಕೊಟ್ಟರೆ ಇಸ್ಕಂಡು ಬರೋದಾ, ನಿಂಗೆ ಬುದ್ಧಿ ಎಲ್ಲೋಯ್ತು ಎಂದು ಆ ಹುಡುಗನಿಗೂ ಬೈದೆ.

"ಹೊಲಿಗೆ ಹೋಗೈತೆ ಅಂತ ತಾನೇ ನೀನಂದಿದ್ದು?" ಎಂದರು ಇವರು, ಬಿದ್ದಲ್ಲಿಂದಲೇ. "ಪಟ್ಟಿ ಹೋಗೈತೆ ಅಂದ್ಯಾ?"

ನಾನು ಇನ್ನೂ ಜೋರು ಮಾಡಿದೆ. ಆಗ ಆ ಹುಡುಗನ ಹೆಂಡತಿ, ಸೊಪ್ಪಿನ ಮೇಲೆ ಕುಸಿದು ಕೂತಿದ್ದವಳು, ತುಂಡಾದ ಪಟ್ಟಿಯನ್ನು ಎತ್ತಿಕೊಂಡಳು.

"ಅಕ್ಕ, ಇದು ಹಿಂಗ್ಯಾಕಾತು?"

"ಒಲೆ ಮೇಲೆ ಇಟ್ಟಿದ್ದೆ. ಬಿಸಿಗೆ ಸತ್ತೋಗೈತೆ."

"ನಿಂಗೆ ಯಾವಾಗ ಗೊತ್ತಾತು?"

"ಹೊಸದು ತಂದ ದಿನ. ಅಂಗಡಿಯೋರು ಹೇಳಿದ್ರು."

ಇವರು ನನ್ನ ಮುಖ ನೋಡಿದರು. ಅವಳು ಎದ್ದು, ಗಂಡನ ಕೈ ಹಿಡಿದು ಎಬ್ಬಿಸಿದಳು. ಅವನ ಬೆನ್ನಿಗೆ ಹತ್ತಿದ್ದ ಮಣ್ಣನ್ನು ಕೊಡವುತ್ತಾ, ದನಿ ಏರಿಸದೆ ಕೇಳಿದಳು:

"ಮತ್ತೆ ಇವರಿಬ್ರಿಗ್ಯಾಕಕ್ಕ ಬೈತಿದೀಯಾ?"